ಆ ಕಡೆ ಓದುವವರು ಯಾರು?

ಶಾಲೆಯ ಮಕ್ಕಳು ಬರೆದದ್ದನ್ನು ನಮ್ಮ ಸಾಹಿತ್ಯ ವಿಮರ್ಶೆ ಓದುವುದಿಲ್ಲ. ಮಕ್ಕಳಿಗಾಗಿ ದೊಡ್ಡವರು ಬರೆದದ್ದನ್ನು ಒಂದಿಷ್ಟು ಓದುತ್ತದೆ, ಬಹುಮಾನವನ್ನೂ ಕೊಡುತ್ತದೆ. ಮಕ್ಕಳೇ ಬರೆದದ್ದು ಮೇಷ್ಟರ ಕೆಂಪು ಶಾಯಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಆದರೆ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಮಕ್ಕಳ ಕೈಯಿಂದ ಬರವಣಿಗೆಯ ಒಂದು ಹೊಸ ಪ್ರಕಾರವೇ ಬೆಳೆದಿದೆ. ಒಂದು ದೇಶದ ತರಗತಿ ಇನ್ನೊಂದು ದೇಶದ ತರಗತಿಗೆ ಬರೆಯುತ್ತದೆ. ವಿಷಯ ನೀರು, ಕಸ, ಕಾಡು, ಹವಾಮಾನ. ಅವಧಿ ಆರೆಂಟು ವಾರ. ನಡುವೆ ಅಂತರ್ಜಾಲ, ಕೊನೆಗೆ ಪರದೆಯ ಮೇಲೊಂದು ಪ್ರದರ್ಶನ, ಕೈಗೊಂದು ಪ್ರಮಾಣಪತ್ರ. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡ ಮೇಲೆ ಆ 17 ಬಣ್ಣದ ಚೌಕಗಳು ಶಾಲೆಯ ಗೋಡೆಗಳಿಗೆ ಬಂದವು, ಈ ಬರವಣಿಗೆಗೆ ಒಂದು ಸಿದ್ಧ ವಿಷಯಸೂಚಿಯೂ ಸಿಕ್ಕಿತು. ‘ಗ್ಲೋಬಲ್ ಪ್ರಾಜೆಕ್ಟ್’ ಎಂದು ಶಾಲೆಗಳು ಕರೆಯುವುದು ಇದನ್ನೇ.

ಒಳ್ಳೆಯ ಉದ್ದೇಶದಿಂದ ಹುಟ್ಟಿದ ಬರವಣಿಗೆಯನ್ನು ಬಿಗಿಯಾಗಿ ಓದುವುದು ಒರಟುತನ ಎಂಬ ಭಾವನೆ ನಮ್ಮಲ್ಲಿದೆ. ಮಕ್ಕಳು ಭೂಮಿಯ ಬಗ್ಗೆ ಯೋಚಿಸುತ್ತಿದ್ದಾರೆ, ದೂರದೇಶದ ಮಕ್ಕಳೊಂದಿಗೆ ಮಾತಾಡುತ್ತಿದ್ದಾರೆ, ಇದರಲ್ಲಿ ಹುಳುಕು ಹುಡುಕುವುದೇನು? ಶಿಕ್ಷಣತಜ್ಞರು ಈ ಪ್ರಾಜೆಕ್ಟುಗಳನ್ನು ‘ಕೌಶಲ’ಗಳ ಪಟ್ಟಿ ಹಿಡಿದು ಅಳೆಯುತ್ತಾರೆ: ಸಹಯೋಗ, ಸಂವಹನ, ಸೃಜನಶೀಲತೆ. ಆ ಪಟ್ಟಿಯಲ್ಲಿ ಎಲ್ಲರೂ ಪಾಸಾಗುತ್ತಾರೆ. ನನಗೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸಾಹಿತ್ಯ ಓದುವವರು ಕೇಳುವ ಹಳೆಯ ಪ್ರಶ್ನೆ. ಇದನ್ನು ಯಾರಿಗಾಗಿ ಬರೆಯಲಾಗಿದೆ? ಆ ಕಡೆ ಓದುವವರು ಯಾರು, ಓದುವುದಕ್ಕೆ ಅವರಿಗೇನು ಗರಜು?

ತರಗತಿಗಳನ್ನು ಬೆಸೆಯುವ ಯೋಚನೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ದಕ್ಷಿಣ ಫ್ರಾನ್ಸಿನ ಬಾರ್-ಸ್ಯುರ್-ಲೂ ಎಂಬ ಬೆಟ್ಟದೂರಿಗೆ 1920ರಲ್ಲಿ ಸೆಲೆಸ್ಟೀನ್ ಫ್ರೆನೆ ಎಂಬ ಪ್ರಾಥಮಿಕ ಶಾಲೆಯ ಮೇಷ್ಟರು ಬಂದರು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗುಂಡು ಬಿದ್ದು ಶ್ವಾಸಕೋಶ ಕೆಟ್ಟಿತ್ತು. ದಿನವಿಡೀ ನಿಂತು ಪಾಠ ಹೇಳುವ ಉಸಿರು ಇರಲಿಲ್ಲ. ಮಕ್ಕಳನ್ನು ಊರೊಳಗೆ ಸುತ್ತಾಡಿಸಿ ತಂದು, ಕಂಡದ್ದನ್ನು ಹೇಳಿಸಿ, ಬರೆಸಿ, ಅದರಲ್ಲೊಂದನ್ನು ಮಕ್ಕಳಿಂದಲೇ ಆರಿಸಿ, ಒಂದು ಸಣ್ಣ ಕೈಮುದ್ರಣ ಯಂತ್ರದಲ್ಲಿ ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕುವ ಪದ್ಧತಿ ಅವರದು. 1920ರ ದಶಕದ ನಡುವೆ ಆ ಹಾಳೆಗಳು ದೇಶದ ಇನ್ನೊಂದು ತುದಿಗೆ, ಬ್ರಿಟ್ಟನಿ ಕರಾವಳಿಯಲ್ಲಿ ರೆನೆ ಡೇನಿಯಲ್ ಎಂಬ ಮೇಷ್ಟರ ಶಾಲೆಗೆ ಅಂಚೆಯಲ್ಲಿ ಹೋಗತೊಡಗಿದವು. ಅಲ್ಲಿಂದಲೂ ಹಾಳೆಗಳು ಬಂದವು.

ಎರಡು ಊರುಗಳ ಅಂತರವನ್ನು ಸ್ವಲ್ಪ ನೋಡಿ. ಬಾರ್-ಸ್ಯುರ್-ಲೂ ಕಹಿ ಕಿತ್ತಳೆಯ ಊರು. ಅದರ ಹೂ ಬಿಡಿಸಿ ಪಕ್ಕದ ಗ್ರಾಸ್ ಪಟ್ಟಣದ ಸುಗಂಧದ್ರವ್ಯದ ಕಾರ್ಖಾನೆಗಳಿಗೆ ಕೊಡುವುದು ಅಲ್ಲಿಯ ಮನೆಗಳ ದುಡಿಮೆ. ಬ್ರಿಟ್ಟನಿಯದು ಅಟ್ಲಾಂಟಿಕ್ ಕಡಲು. ದಿನಕ್ಕೆರಡು ಸಲ ನೀರು ದೂರಕ್ಕೆ ಸರಿದು, ದೋಣಿಗಳು ಕೆಸರಿನ ಮೇಲೆ ವಾಲಿ ಮಲಗುತ್ತವೆ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಕಣ್ಣಿಗೆ ಬೀಳುವಷ್ಟು ಇರುವುದೇ ಇಲ್ಲ. ಹಾಗಾಗಿ ‘ನೀರು ಇಳಿದ ಮೇಲೆ ಚಿಪ್ಪು ಹೆಕ್ಕಲು ಹೋದೆವು’ ಎಂದು ಅಲ್ಲಿಯ ಮಗುವೊಂದು ಬರೆದರೆ ದಕ್ಷಿಣದ ಮಗು ಕೇಳದೆ ಇರಲಾರದು: ನೀರು ಎಲ್ಲಿಗೆ ಇಳಿಯಿತು? ಯಾರು ಇಳಿಸಿದರು? ಬರೆದವನಿಗೆ ಆಗ ತನ್ನ ದಿನನಿತ್ಯದ ಕಡಲು ಮೊದಲ ಬಾರಿಗೆ ವಿವರಿಸಬೇಕಾದ ಸಂಗತಿಯಾಗಿ ಎದುರು ನಿಲ್ಲುತ್ತದೆ. ಓದುವವನಿಗೆ ಒಂದು ವಿಷಯ ಗೊತ್ತಿಲ್ಲ, ಅದು ಬರೆಯುವವನಿಗೆ ಗೊತ್ತಿದೆ, ಹೇಳದೆ ಬೇರೆ ದಾರಿಯಿಲ್ಲ. ಗದ್ಯ ನಿಖರವಾಗುವುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆಂದು ನನಗೆ ಅನ್ನಿಸುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಬ್ರಿಟ್ಟನಿಯ ಮಕ್ಕಳ ಮನೆಮಾತು ಬ್ರೆಟನ್, ಶಾಲೆ ಅದನ್ನು ಬಾಗಿಲ ಹೊರಗಿಟ್ಟಿತ್ತು. ಬೆಟ್ಟದೂರಿನ ಮನೆಗಳಲ್ಲಿ ಪ್ರೊವೆನ್ಸಾಲ್ ಮಾತು ಇನ್ನೂ ಇತ್ತು. ಇಬ್ಬರೂ ಬರೆಯುತ್ತಿದ್ದದ್ದು ಮೂರನೆಯದಾದ ಫ್ರೆಂಚಿನಲ್ಲಿ. ಕನ್ನಡ ಶಾಲೆಯ ಮಗು ಇಂಗ್ಲಿಷಿನಲ್ಲಿ ಜಗತ್ತಿಗೆ ಬರೆಯುವ ಇಂದಿನ ಸ್ಥಿತಿಗೆ ಇದು ತೀರಾ ದೂರದ್ದಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಇಲ್ಲಿಂದ ಅರವತ್ತು ವರ್ಷ ಮುಂದೆ ಹೋದರೆ 1988. ನ್ಯೂಯಾರ್ಕ್ ರಾಜ್ಯದ 12 ಶಾಲೆಗಳು, ಮಾಸ್ಕೋದ 12 ಶಾಲೆಗಳು. ಪೀಟರ್ ಕೋಪೆನ್ ಎಂಬವರ ಕುಟುಂಬದ ನಿಧಿಯಿಂದ ಇವುಗಳ ನಡುವೆ ದೂರಸಂಪರ್ಕ ಏರ್ಪಟ್ಟಿತು; ಇದೇ ಬೆಳೆದು ಐಅರ್ನ್ ಎಂಬ ಜಾಲವಾಗಿ ಇಂದು ನೂರಕ್ಕೂ ಹೆಚ್ಚು ದೇಶಗಳ ಶಾಲೆಗಳಲ್ಲಿದೆ, ಭಾರತದಲ್ಲೂ ಇದೆ. ಶೀತಲ ಸಮರ ಇನ್ನೂ ಮುಗಿಯದ ಕಾಲ. ಎರಡೂ ದೇಶಗಳ ಬಳಿ ಒಟ್ಟು 50,000ಕ್ಕೂ ಹೆಚ್ಚು ಅಣ್ವಸ್ತ್ರಗಳಿದ್ದವು. ಆ ಕಡೆಯ ಮಗುವೂ ಬೆಳಗ್ಗೆ ಏನನ್ನೋ ತಿಂದು, ಬಸ್ಸು ಹಿಡಿದು ಶಾಲೆಗೆ ಬರುತ್ತದೆ ಎಂಬುದೇ ಆಗ ಈ ಕಡೆಗೆ ಸುದ್ದಿ. ಓದುವವನಿಗೆ ಗರಜಿತ್ತು.

ಐಅರ್ನ್ ತನ್ನ ಪ್ರತಿ ಪ್ರಾಜೆಕ್ಟಿಗೂ ಒಂದು ಪ್ರಶ್ನೆ ಹಾಕುತ್ತದೆ. ಈ ಕೆಲಸದಿಂದ ಭೂಮಿಯ ಮೇಲಿನ ಬದುಕು ಹೇಗೆ ಉತ್ತಮವಾಗುತ್ತದೆ ಎಂಬುದು ಅದರ ಸಾರ. ಅಣ್ವಸ್ತ್ರಗಳ ನೆರಳಿನಲ್ಲಿ ಹುಟ್ಟಿದ ಪ್ರಶ್ನೆ, ಅದರ ಗಾಂಭೀರ್ಯ ಅರ್ಥವಾಗುವಂಥದ್ದೇ. ಆದರೆ ಹನ್ನೆರಡು ವರ್ಷದ ಮಗುವಿನ ಪ್ರತಿ ಬರಹದ ತಲೆಯ ಮೇಲೆ ಅದನ್ನು ಹೊರಿಸಿದರೆ, ಉತ್ತರವೂ ಅಷ್ಟೇ ಗಾತ್ರದ್ದಾಗಲು ಹೊರಡುತ್ತದೆ. ಭೂಮಿಯೆಂಬ ಪದಕ್ಕೆ ಎಟುಕುವಂತೆ ಮಾತು ಹಿಗ್ಗುತ್ತದೆ, ಹಿಗ್ಗಿದಷ್ಟೂ ತೆಳ್ಳಗಾಗುತ್ತದೆ.

ಇದೇ ಜಾಲದ ಪ್ರಾಜೆಕ್ಟುಗಳಲ್ಲಿ ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸಿದ್ದು ಎಲ್ಲಕ್ಕಿಂತ ಚಿಕ್ಕದು: ಟೆಡ್ಡಿ ಕರಡಿಯ ಪ್ರಾಜೆಕ್ಟ್. ಎರಡು ತರಗತಿಗಳು ಒಂದೊಂದು ಗೊಂಬೆಕರಡಿಯನ್ನು ಅಂಚೆಯಲ್ಲಿ ಪರಸ್ಪರ ಕಳಿಸುತ್ತವೆ. ಬಂದ ಕರಡಿಯನ್ನು ಮಕ್ಕಳು ಸರದಿಯಂತೆ ಮನೆಗೆ ಒಯ್ಯುತ್ತಾರೆ. ಅದು ಕಂಡದ್ದು, ತಿಂದದ್ದು, ಮಲಗಿದ ಜಾಗ ಎಲ್ಲವನ್ನೂ ಕರಡಿಯೇ ತನ್ನೂರಿಗೆ ಬರೆದಂತೆ ದಿನಚರಿಯಾಗಿ ಕಳಿಸುತ್ತಾರೆ. ನೋಡುವುದಕ್ಕೆ ಆಟ. ಬರವಣಿಗೆಯ ದೃಷ್ಟಿಯಿಂದ ನೋಡಿದರೆ ಇದು ದೊಡ್ಡ ಕಾದಂಬರಿಕಾರರು ಬಳಸುವ ಉಪಾಯ. ತನ್ನ ಮನೆಗೆ ತಾನೇ ಹೊಸಬನಾಗಿ ಬಂದು, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಗೆ ಬೆಚ್ಚಿ ಬೀಳಬೇಕು. ‘ಇವರು ಪಾತ್ರೆ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಬಿಡುತ್ತಾರೆ’ ಎಂದು ಕರಡಿ ಬರೆದರೆ, ಅದರಲ್ಲಿ ಸುಸ್ಥಿರತೆ ಎಂಬ ಪದ ಇರುವುದಿಲ್ಲ. ವಸ್ತು ಪೂರ್ತಿ ಇರುತ್ತದೆ.

ಈ ಪದದ ಬಗ್ಗೆಯೇ ಒಂದು ಮಾತು. 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯ ನಂತರ ಲೋಕದ ಎಲ್ಲ ಭಾಷೆಗಳಿಗೂ ಹರಡಿದ ಪರಿಕಲ್ಪನೆ ಇದು. ಕನ್ನಡಕ್ಕೆ ‘ಸುಸ್ಥಿರ ಅಭಿವೃದ್ಧಿ’ಯಾಗಿ, ಸರ್ಕಾರಿ ಸುತ್ತೋಲೆಯ ಉಡುಪಿನಲ್ಲಿ ಬಂತು. ‘ಪರಿಸರ’ವೂ ಒಂದು ಕಾಲಕ್ಕೆ ಹಾಗೇ ಬಂದ ಪದ, ಆದರೆ ತೇಜಸ್ವಿಯವರ ‘ಪರಿಸರದ ಕತೆ’ ಓದಿದವರಿಗೆ ಆ ಪದದೊಳಗೆ ಮಾರ, ಪ್ಯಾರ, ಕಿವಿ ಎಂಬ ನಾಯಿ ಎಲ್ಲ ಸೇರಿಕೊಂಡಿದ್ದಾರೆ. ಸುಸ್ಥಿರತೆಗೆ ಕನ್ನಡದಲ್ಲಿ ಇನ್ನೂ ಹಾಗೆ ಯಾರೂ ಮನೆ ಕಟ್ಟಿಕೊಟ್ಟಿಲ್ಲ. ಮಗುವಿನ ಕೈಗೆ ಅದು ಖಾಲಿಯಾಗಿಯೇ ಸಿಗುತ್ತದೆ. ಜೊತೆಗೆ ಅದರ ತೀರ್ಮಾನವೂ ಮೊದಲೇ ಬರೆದು ಸಿಗುತ್ತದೆ. ಉಳಿಸಬೇಕು, ಬೆಳೆಸಬೇಕು, ಕಾಪಾಡಬೇಕು.

ಈ ಪ್ರಕಾರದ ಬರಹಗಳನ್ನು ಹತ್ತಾರು ಓದಿದವರಿಗೆ ಅದರ ಅಚ್ಚು ಬಾಯಿಪಾಠವಾಗಿರುತ್ತದೆ. ನಾನೇ ಒಂದು ಮಾದರಿ ಕಟ್ಟುತ್ತೇನೆ: ‘ನೀರು ಅಮೂಲ್ಯ. ನೀರಿಲ್ಲದೆ ಜೀವನವಿಲ್ಲ. ಇಂದು ನೀರು ಕಲುಷಿತವಾಗುತ್ತಿದೆ. ನಾವೆಲ್ಲರೂ ನೀರನ್ನು ಉಳಿಸಬೇಕು. ಮುಂದಿನ ಪೀಳಿಗೆಗೆ ಕೊಡಬೇಕು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾವ ಊರು? ಯಾವ ನೀರು? ಬೋರ್‌ವೆಲ್ಲಿನದೋ, ನಲ್ಲಿಯದೋ, ಟ್ಯಾಂಕರಿನದೋ? ಕಲುಷಿತವಾಗುತ್ತಿದೆ ಎಂಬ ವಾಕ್ಯದಲ್ಲಿ ಮಾಡಿದವರು ಕಾಣೆಯಾಗಿದ್ದಾರೆ. ಉಳಿದ ಕ್ರಿಯಾಪದಗಳೆಲ್ಲ ‘ಬೇಕು’ವಿನಲ್ಲಿ ತೂಗುತ್ತಿವೆ. ಐದು ವಾಕ್ಯ ಮುಗಿದರೂ ಯಾರೂ ಏನನ್ನೂ ಮಾಡಿಲ್ಲ. ಇದನ್ನು ಓದಿದ ಆ ಕಡೆಯ ತರಗತಿ ಏನೆಂದು ಮರು ಪ್ರಶ್ನೆ ಹಾಕೀತು? ‘ನಮಗೂ ಹಾಗೇ ಅನ್ನಿಸುತ್ತದೆ’ ಎಂದು ಬರೆದು ಒಂದು ಎಮೋಜಿ ಹಾಕುತ್ತದೆ, ಅಷ್ಟೆ.

ಆ ‘ನಾವು’ ಇನ್ನೂ ತೊಡಕಿನದು. ತಮಿಳಿನಲ್ಲಿ ನಾಮ್ ಮತ್ತು ನಾಂಗಳ್, ತೆಲುಗಿನಲ್ಲಿ ಮನಮು ಮತ್ತು ಮೇಮು, ತುಳುವಿನಲ್ಲಿ ನಮ ಮತ್ತು ಎಂಕುಲು. ಕೇಳುವವರನ್ನೂ ಸೇರಿಸಿಕೊಂಡ ನಾವು ಒಂದು, ಅವರನ್ನು ಬಿಟ್ಟ ನಾವು ಇನ್ನೊಂದು. ಇಂದಿನ ಕನ್ನಡಕ್ಕೆ ಈ ಭೇದ ಇಲ್ಲ, ಇಂಗ್ಲಿಷಿಗೂ ಇಲ್ಲ. ರಾಯಚೂರಿನ ಮಗು, ಅಮೆರಿಕದ ಹ್ಯೂಸ್ಟನ್ನಿನ ಮಗು ಇಬ್ಬರೂ ಸೇರಿ ‘ನಾವು ಭೂಮಿಯನ್ನು ಬಿಸಿ ಮಾಡಿದ್ದೇವೆ’ ಎಂದು ಒಂದೇ ಸ್ಲೈಡಿನಲ್ಲಿ ಬರೆಯುತ್ತಾರೆ. ವರ್ಷಕ್ಕೆ ತಲೆಗೆ ಲೆಕ್ಕ ಹಾಕಿದರೆ ಭಾರತದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದಿಂದ ಸುಮಾರು 14 ಟನ್. ಗೆಳೆತನದ ಸ್ಲೈಡಿನಲ್ಲಿ ಈ ಲೆಕ್ಕ ತರುವುದು ಅಸಭ್ಯವಾಗಿ ಕಾಣುತ್ತದೆ, ಹಾಗಾಗಿ ಯಾರೂ ತರುವುದಿಲ್ಲ. ತುಳು ಬಲ್ಲ ಮಗುವಾದರೂ ಬರೆಯುವಾಗ ಒಂದು ಕ್ಷಣ ತಡವರಿಸೀತು: ಇಲ್ಲಿ ನಮ ಅನ್ನಬೇಕೋ, ಎಂಕುಲು ಅನ್ನಬೇಕೋ?

ಪ್ರಾಜೆಕ್ಟಿನ ಚೌಕಟ್ಟೂ ಈ ಅಸಮತೆಯನ್ನು ಗಟ್ಟಿ ಮಾಡುತ್ತದೆ. ಸಮಸ್ಯೆ, ಸಂಶೋಧನೆ, ಪರಿಹಾರ, ಪ್ರದರ್ಶನ: ನಾಲ್ಕು ಮೆಟ್ಟಿಲು. ಹೀಗೆ ಜೋಡಿಯಾದಾಗ ಒಂದು ಕಡೆಯವರು ಸಮಸ್ಯೆ ಒದಗಿಸುವವರು, ಇನ್ನೊಂದು ಕಡೆಯವರು ಮರುಗುವವರು ಆಗಿಬಿಡುವುದು ಸುಲಭ. ಬೆಂಗಳೂರಿನ ತರಗತಿಗೆ ‘ನಿಮ್ಮ ನೀರಿನ ಸಮಸ್ಯೆ ತೋರಿಸಿ’ ಎಂದರೆ ಬೆಳ್ಳಂದೂರು ಕೆರೆಯ ನೊರೆಯ ಚಿತ್ರ ಹೋಗುತ್ತದೆ. ಹೋಗಲಿ, ಅದು ನಿಜವಾದ ಚಿತ್ರವೇ. ರಸ್ತೆಗೆ ಹಾರಿ ಬಂದ ನೊರೆ, ಕೆರೆಯ ಮೇಲೆ ಹೊತ್ತಿದ ಬೆಂಕಿ, ಎಲ್ಲ ಜಗತ್ತು ನೋಡಿದ್ದೇ. ಆದರೆ ಆರು ವಾರದ ಕೊನೆಗೆ ‘ಪರಿಹಾರ’ ಎಂಬ ಸ್ಲೈಡ್ ಇರಲೇಬೇಕಲ್ಲ, ಅಲ್ಲಿ ಕಸದ ಬುಟ್ಟಿಯ ಚಿತ್ರ ಬರುತ್ತದೆ. ಜಿಲ್ಲಾ ಮಟ್ಟದ ಒಂದು ವಸ್ತುಪ್ರದರ್ಶನದಲ್ಲಿ ತೀರ್ಪುಗಾರನಾಗಿ ಕೂತಿದ್ದಾಗ ‘ಪ್ಲಾಸ್ಟಿಕ್ ಮುಕ್ತ ಗ್ರಾಮ’ ಎಂಬ ಮಾದರಿಗೆ ನಾವು ಎರಡನೇ ಬಹುಮಾನ ಕೊಟ್ಟೆವು. ಗ್ರಾಮ ಪೂರ್ತಿ ಥರ್ಮಾಕೋಲಿನದು. ಅದನ್ನು ಮಾಡಿದ ಹುಡುಗಿಯರ ಕೈಚಳಕ ಬಹಳ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಬೆಳ್ಳಂದೂರಿನ ನೊರೆಯಲ್ಲೇ ಒಳ್ಳೆಯ ಪತ್ರವ್ಯವಹಾರವೊಂದು ಅಡಗಿದೆ. ನೊರೆಗೆ ಮುಖ್ಯ ಕಾರಣ ಸಂಸ್ಕರಿಸದೆ ಬಿಟ್ಟ ಕೊಳಚೆನೀರು, ಅದರಲ್ಲಿ ಸೇರಿರುವ ಬಟ್ಟೆ ಒಗೆಯುವ ಪುಡಿಯ ಅಂಶಗಳು. ಅಂದರೆ ನೊರೆಯ ಒಂದು ತುದಿ ಮಗುವಿನ ಸ್ವಂತ ಬಚ್ಚಲಲ್ಲಿದೆ. ಫಾಸ್ಫೇಟ್ ಎಂಬ ಅಂಶ ಕೆರೆಯಲ್ಲಿ ಕಳೆಯನ್ನು ಕೊಬ್ಬಿಸುತ್ತದೆ ಎಂಬ ಕಾರಣಕ್ಕೆ ಅಮೆರಿಕದ ಹಲವು ರಾಜ್ಯಗಳು ಸೋಪಿನ ಪುಡಿಯಲ್ಲಿ ಅದನ್ನು ದಶಕಗಳ ಹಿಂದೆಯೇ ತಡೆದವು. ಇವೆರಡು ತರಗತಿಗಳು ‘ನಿಮ್ಮ ಮನೆಯ ಪುಡಿಯ ಪೊಟ್ಟಣದ ಹಿಂದೆ ಏನು ಬರೆದಿದೆ?’ ಎಂಬ ಒಂದೇ ಪ್ರಶ್ನೆಯಿಂದ ಶುರು ಮಾಡಿದರೆ ಎಲ್ಲಿಂದ ಎಲ್ಲಿಗೆ ಹೋಗಬಹುದು. ನಿಮ್ಮಲ್ಲಿ ಯಾರು ತಡೆದರು, ಹೇಗೆ ತಡೆದರು, ಕಂಪನಿ ಒಪ್ಪಿತೇ? ನಮ್ಮ ಪೊಟ್ಟಣದ ಮೇಲೆ ಬರೆದೇ ಇಲ್ಲವಲ್ಲ, ಯಾಕೆ? ಸಮಸ್ಯೆ ಒಂದು ಕಡೆ, ಮರುಕ ಇನ್ನೊಂದು ಕಡೆ ಇರುವುದಿಲ್ಲ. ಇಬ್ಬರ ಕೈಯಲ್ಲೂ ಒಂದೊಂದು ಪೊಟ್ಟಣ ಇರುತ್ತದೆ.

ಘೋಷಣೆಯ ಭಾಷೆಗೆ ತದ್ವಿರುದ್ಧವಾದ ಇನ್ನೊಂದು ಮಾದರಿ ಇದೇ ಲೋಕದಲ್ಲಿದೆ. ಅಮೆರಿಕದ ಆಗಿನ ಉಪಾಧ್ಯಕ್ಷ ಅಲ್ ಗೋರ್ 1994ರ ಏಪ್ರಿಲ್ 22ರಂದು ಘೋಷಿಸಿದ ಗ್ಲೋಬ್ ಕಾರ್ಯಕ್ರಮ. ಮರುವರ್ಷ ಶುರುವಾಯಿತು, ಭಾರತ 2000ದಲ್ಲಿ ಸೇರಿತು. ಶಾಲೆಯ ಮಕ್ಕಳು ಮಳೆ, ಉಷ್ಣತೆ, ಮೋಡ, ಮಣ್ಣು ಅಳೆದು ಒಂದು ಸಾಮಾನ್ಯ ಭಂಡಾರಕ್ಕೆ ಕಳಿಸುತ್ತಾರೆ; ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಅದರ ಮಳೆಮಾಪನದ ನಿಯಮಾವಳಿ ಓದುವಾಗ ನನಗೆ ಛಂದಸ್ಸಿನ ಪುಸ್ತಕ ಓದಿದಷ್ಟು ಖುಷಿಯಾಯಿತು. ಮಳೆ ಬಾರದ ದಿನ ಜಾಗ ಖಾಲಿ ಬಿಡುವಂತಿಲ್ಲ, ಸೊನ್ನೆ ಬರೆಯಬೇಕು. ಅಳೆಯಲಾಗದಷ್ಟು ಸಣ್ಣ ಹನಿ ಬಿದ್ದಿದ್ದರೆ ಸೊನ್ನೆ ಬರೆಯುವಂತಿಲ್ಲ, ‘ಟಿ’ ಎಂಬ ಗುರುತು ಹಾಕಬೇಕು. ನೀರು ಚೆಲ್ಲಿಹೋಗಿದ್ದರೆ, ಅಥವಾ ನೋಡುವುದು ತಪ್ಪಿಹೋಗಿದ್ದರೆ ಅಂದಾಜು ಬರೆಯುವಂತಿಲ್ಲ, ‘ಎಂ’ ಎಂದು ಬರೆಯಬೇಕು. ಇಲ್ಲ, ಇದ್ದೂ ಇಲ್ಲದಷ್ಟು, ಗೊತ್ತಿಲ್ಲ: ಈ ಮೂರನ್ನು ಬೇರೆ ಬೇರೆಯಾಗಿ ಹೇಳಲು ಕಲಿಸುವ ಪಠ್ಯ ನಮ್ಮ ಭಾಷಾ ತರಗತಿಗಳಲ್ಲಿ ನಾನು ಕಂಡಿಲ್ಲ.

ಮೋಡದ ವಿಷಯ ಇನ್ನೂ ಚೆಂದ. ಉಪಗ್ರಹ ಮೋಡವನ್ನು ಮೇಲಿನಿಂದ ನೋಡುತ್ತದೆ. ಅದಕ್ಕೆ ಕಾಣುವುದು ಮೋಡದ ಬೆನ್ನು. ಮೇಲಿನ ಪದರದ ಕೆಳಗೆ ಅಡಗಿದ ಮೋಡ ಅದಕ್ಕೆ ಕಾಣದೆ ಹೋಗಬಹುದು. ಅಂಗಳದಲ್ಲಿ ನಿಂತ ಮಗುವಿಗೆ ಕಾಣುವುದು ಹೊಟ್ಟೆಯ ಭಾಗ. ಹೀಗಾಗಿ ನಾಸಾದ ಬಳಿ ಇಲ್ಲದ್ದು ಮಗುವಿನ ಬಳಿ ಇದೆ. ವೀಕ್ಷಣೆಯ ಹೊತ್ತಿಗೆ ಉಪಗ್ರಹ ತಲೆಯ ಮೇಲೆ ಹಾದುಹೋಗಿದ್ದರೆ, ನೀವು ಕಂಡದ್ದು ಇದು, ಉಪಗ್ರಹ ಕಂಡದ್ದು ಇದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟ ಉತ್ತರ ಬರುತ್ತದೆ. ಆ ಕಡೆ ಓದುವವರೊಬ್ಬರಿದ್ದಾರೆ, ಅವರಿಗೆ ಇದು ಬೇಕಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಹಾಗೆಂದು ಗ್ಲೋಬ್ ಮಾದರಿಯೇ ಸಾಕು ಎನ್ನಲಾರೆ. ಅಂಕಿಗೆ ಊರಿಲ್ಲ. ನಮ್ಮ ರೈತರಿಗೆ ಮಳೆ ಮಿಲಿಮೀಟರಿನಲ್ಲಿ ಬರುವುದಿಲ್ಲ, ನಕ್ಷತ್ರದ ಹೆಸರಿನಲ್ಲಿ ಬರುತ್ತದೆ. ಆರಿದ್ರಾ ಬಂದರೆ ಒಂದು ಕೆಲಸ, ಪುಷ್ಯ ಬಂದರೆ ಇನ್ನೊಂದು, ಕೈಕೊಟ್ಟರೆ ಬೇರೆಯೇ ಮಾತು. ಜೂನ್ 25ರಂದು 18 ಮಿಲಿಮೀಟರ್ ಎಂದು ದಾಖಲಿಸಿದ ಮಗುವಿಗೆ ಅದು ಆರಿದ್ರಾ ಮಳೆಯೆಂದು ಮನೆಯಲ್ಲಿ ಗೊತ್ತಿರುತ್ತದೆ, ಅಜ್ಜ ಅದರ ಮೇಲೆ ಏನೋ ಹೇಳಿರುತ್ತಾನೆ. ಫಾರಮ್ಮಿನಲ್ಲಿ ಅದಕ್ಕೆ ಅಂಕಣವಿಲ್ಲ. ಮಕ್ಕಳು ವಿಜ್ಞಾನಿಗೆ ಬರೆಯುತ್ತಾರೆಯೇ ಹೊರತು ಮಗು ಮಗುವಿಗೆ ಬರೆಯುವುದು ಅಲ್ಲಿ ಕಡಿಮೆ. ಸಂಬಳವಿಲ್ಲದ ಉಪಕರಣವಾಗಿಬಿಡುವ ಅಪಾಯವೂ ಇದೆ.

ಈ ಎರಡರ ನಡುವೆ ನಿಂತ ಕೆಲಸವೊಂದು ನಮಗೆ ಹತ್ತಿರದಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ನಡೆಸುತ್ತ ಬಂದ ಸೀಸನ್‌ವಾಚ್. ಶಾಲೆಯ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಅದೇ ಮರವನ್ನು ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಬರೆಯಬೇಕು. ಇದರಲ್ಲಿ ಅತಿ ಹೆಚ್ಚು ತೊಡಗಿದ್ದು ಕೇರಳದ ಶಾಲೆಗಳು. ಅಲ್ಲಿನ ಮಕ್ಕಳ ಗಮನವೆಲ್ಲ ಕಣಿಕೊನ್ನದ ಮೇಲೆ. ನಮ್ಮ ಕಕ್ಕೆ ಮರ ಅದು. ವಿಷುವಿನ ಕಣಿಗೆ ಅದರ ಹಳದಿ ಹೂ ಬೇಕೇ ಬೇಕು, ಆದರೆ ಏಪ್ರಿಲ್ ನಡುವೆ ಅರಳಬೇಕಾದದ್ದು ಅದಕ್ಕೂ ಮೊದಲೇ ಅರಳಿ ಉದುರುವುದನ್ನು ಜನ ನೋಡುತ್ತಿದ್ದಾರೆ. ಇಲ್ಲಿ ಅಂಕಿಯ ಹಿಂದೆ ಹಬ್ಬವಿದೆ, ಅಜ್ಜಿಯ ನೆನಪಿದೆ, ಹವಾಮಾನ ಬದಲಾವಣೆ ಎಂಬ ದೊಡ್ಡ ಪದ ಒಂದು ಕೊಂಬೆಯ ಮೇಲೆ ಬಂದು ಕೂತಿದೆ. ದಕ್ಷಿಣ ಕನ್ನಡದಲ್ಲಿ ಬಿಸುವಿಗೆ ಕಣಿ ಇಡುವ ಮನೆಗಳಿವೆ. ಪುತ್ತೂರಿನ ಮಗುವಿಗೂ ತ್ರಿಶೂರಿನ ಮಗುವಿಗೂ ಈ ಮರದ ಬಗ್ಗೆ ಪರಸ್ಪರ ಬರೆಯಲು ಎಷ್ಟೊಂದು ಇದೆ. ಸಮುದ್ರ ದಾಟಲೇಬೇಕು ಎಂಬ ಹಟ ಯಾಕೋ ನನಗೆ ಅರ್ಥವಾಗಿಲ್ಲ. ‘ಗ್ಲೋಬಲ್’ ಎಂದರೆ ನಮ್ಮ ಶಾಲೆಗಳಿಗೆ ವಿಮಾನದ ದೂರ. ರಾತ್ರಿ ಬಸ್ಸಿನ ದೂರ ಲೆಕ್ಕಕ್ಕಿಲ್ಲ.

ಸಮುದ್ರ ದಾಟಿದ ಮೇಲೆ ಗಡಿಯಾರದ ತೊಂದರೆಯೂ ಇದೆ. ಬೆಂಗಳೂರಿನಲ್ಲಿ ಬೆಳಗ್ಗೆ ಹತ್ತು ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಚಳಿಗಾಲವಾದರೆ ಹಿಂದಿನ ರಾತ್ರಿ ಹನ್ನೊಂದೂವರೆ. ಎರಡೂ ತರಗತಿಗಳು ಮುಖಾಮುಖಿ ವಿಡಿಯೋದಲ್ಲಿ ಕೂಡಬೇಕಾದರೆ ಒಂದು ಕಡೆಯ ಮಕ್ಕಳು ಶಾಲೆಯ ಹೊತ್ತನ್ನು ಬಿಟ್ಟು ಬರಬೇಕು. ಆದರೂ ಶಾಲೆಗಳಿಗೆ ವಿಡಿಯೋವೇ ಬೇಕು, ಯಾಕೆಂದರೆ ಅದರ ಫೋಟೋ ಹಿಡಿಯಬಹುದು. ಕೆಲ ವರ್ಷಗಳ ಹಿಂದೆ ಜನಪ್ರಿಯವಾಗಿದ್ದ ‘ಮಿಸ್ಟರಿ ಸ್ಕೈಪ್’ ಎಂಬ ಆಟದಲ್ಲಿ ಎರಡು ತರಗತಿಗಳು ಹೌದು-ಅಲ್ಲ ಪ್ರಶ್ನೆಗಳ ಮೂಲಕ ಪರಸ್ಪರರ ಊರನ್ನು ಪತ್ತೆ ಮಾಡುತ್ತಿದ್ದವು. ಮಕ್ಕಳಿಗೆ ಬಹಳ ಮಜಾ. ಆದರೆ ಊರಿನ ಹೆಸರು ಸಿಕ್ಕಿದ ಕೂಡಲೇ ಆಟ ಮುಗಿಯಿತು. ಕುತೂಹಲ ಶುರುವಾಗಬೇಕಾದ ಜಾಗದಲ್ಲಿ ಚಪ್ಪಾಳೆ. ಹಾರ್ವರ್ಡಿನ ಪ್ರಾಜೆಕ್ಟ್ ಝೀರೋ ರೂಪಿಸಿದ ‘ಔಟ್ ಆಫ್ ಈಡನ್ ಲರ್ನ್’ ಇದಕ್ಕೆ ಪೂರ್ತಿ ಬೇರೆ. ಪತ್ರಕರ್ತ ಪಾಲ್ ಸಾಲೊಪೆಕ್ 2013ರಲ್ಲಿ ಇಥಿಯೋಪಿಯಾದಿಂದ ಕಾಲ್ನಡಿಗೆ ಹೊರಟರು, ಭಾರತವನ್ನೂ ನಡೆದು ದಾಟಿದರು. ಅವರ ನಡಿಗೆಯ ಜೊತೆಗೆ ಮಕ್ಕಳು ತಮ್ಮ ಬೀದಿಯಲ್ಲೇ ನಿಧಾನ ನಡೆದು, ಕಂಡದ್ದನ್ನು ಬರೆದು ಹಂಚಿಕೊಳ್ಳಬೇಕು. ನನಗೆ ಇಷ್ಟವಾದದ್ದು ಅದು ಓದುವವರಿಗೂ ಕೆಲಸ ಕೊಟ್ಟದ್ದು. ‘ಚೆನ್ನಾಗಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ವಿವರ ಗಮನಕ್ಕೆ ಬಂತು ಹೇಳು, ಒಂದು ತುಣುಕನ್ನು ಎತ್ತಿಕೊಂಡು ಅದರ ಬಗ್ಗೆ ಮಾತಾಡು, ಇನ್ನಷ್ಟು ಕೆದಕಿ ಕೇಳು. ಹೀಗೆ ಹೇಳಿಕೊಟ್ಟರೆ ಮಕ್ಕಳು ವಿಮರ್ಶಕರಾಗುತ್ತಾರೆ.

ಇಂಗ್ಲಿಷಿನ ಮಾತು ಬಾಕಿಯಿದೆ. ಜೋಡಣೆಯ ಭಾಷೆ ಇಂಗ್ಲಿಷ್ ಎಂಬುದನ್ನು ಈ ಲೋಕ ಪ್ರಶ್ನಿಸುವುದೇ ಇಲ್ಲ. ಮಗುವಿಗೆ ಇಂಗ್ಲಿಷ್ ಅಭ್ಯಾಸವಾಗುತ್ತದೆ ಎಂಬುದನ್ನೇ ಪಾಲಕರು ಮೊದಲ ಲಾಭವಾಗಿ ಎಣಿಸುತ್ತಾರೆ. ಬಯಲುಸೀಮೆಯ ಮಗುವೊಂದು ಇಂಗ್ಲಿಷಿನಲ್ಲಿ ಯೋಚಿಸಿ ‘ಲೇಕ್’ ಎಂದು ಬರೆಯಿತು ಅನ್ನಿ. ಓದಿದ ಕೆನಡಾದ ಮಗುವಿನ ಕಣ್ಣಿಗೆ ತನ್ನೂರಿನ ಸರೋವರ ಬರುತ್ತದೆ. ಇಬ್ಬರಿಗೂ ಅರ್ಥವಾಯಿತು, ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ಅದೇ ಮಗು ಕನ್ನಡದಲ್ಲಿ ‘ನಮ್ಮ ಕೆರೆ ಈ ಸಲ ಕೋಡಿ ಬಿತ್ತು’ ಎಂದು ಬರೆದು, ಆಮೇಲೆ ಅದನ್ನು ದಾಟಿಸಲು ಕೂತರೆ? ಕೆರೆ ಎಂದರೆ ಜನ ಕಟ್ಟಿದ್ದು, ಏರಿ ಇದೆ, ತೂಬು ಇದೆ, ಹೂಳು ತುಂಬುತ್ತದೆ, ತೆಗೆಯದಿದ್ದರೆ ಕೆರೆ ಸಾಯುತ್ತದೆ. ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ ಕೋಡಿ, ಆ ನೀರು ಮುಂದಿನ ಕೆರೆಗೆ. ಆ ದಿನ ಊರಿನವರು ಬಾಗಿನ ಕೊಡುತ್ತಾರೆ. ಒಂದು ಪದವನ್ನು ಬಿಡಿಸಲು ಒಂದು ಪುಟ ಬೇಕಾಯಿತು, ಆ ಪುಟದಲ್ಲಿ 17 ಚೌಕಗಳಲ್ಲಿ ನಾಲ್ಕೈದಾದರೂ ಬಂದುಹೋದವು. ಬ್ರಿಟ್ಟನಿಯ ಇಳಿದ ಕಡಲನ್ನು ವಿವರಿಸಬೇಕಾಗಿ ಬಂದ ಮಗುವಿನ ಸ್ಥಿತಿ ಇದೇ. ಇಂದು ಯಂತ್ರಾನುವಾದ ಮೊಬೈಲಿನಲ್ಲೇ ಇದೆ; ಮಗು ಕನ್ನಡದಲ್ಲೇ ಬರೆಯಬಹುದು. ಆದರೆ ಯಂತ್ರವೂ ಅವಸರದಲ್ಲಿ ಕೆರೆಯನ್ನು ‘ಲೇಕ್’ ಮಾಡಿ ಮುಂದೆ ಹೋಗುತ್ತದೆ. ಅಲ್ಲಿ ತಡೆದು ‘ಹಾಗಲ್ಲ’ ಎನ್ನುವ ಮೇಷ್ಟರು ಬೇಕು.

ಮೇಷ್ಟರನ್ನು ದೂರುವುದು ಸುಲಭ, ಅವರ ಮೇಜಿನ ಮೇಲೇನಿದೆ ನೋಡಿ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಹೇಳಿತು, 2003ರಲ್ಲಿ ಮತ್ತೆ ಹೇಳಬೇಕಾಯಿತು. 2020ರ ಶಿಕ್ಷಣ ನೀತಿಯೂ ಅನುಭವದ ಕಲಿಕೆ ಎನ್ನುತ್ತದೆ. ಇವೆಲ್ಲ ಶಾಲೆಗೆ ತಲುಪುವಾಗ ಭರ್ತಿ ಮಾಡಬೇಕಾದ ವರದಿಯಾಗಿ, ಅಪ್‌ಲೋಡ್ ಮಾಡಬೇಕಾದ ಫೋಟೋ ಆಗಿ ತಲುಪುತ್ತವೆ. ಘೋಷಣೆಯ ಗದ್ಯ ವರದಿಗೆ ಹೇಳಿಮಾಡಿಸಿದ್ದು. ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ಮಗುವಿಗೆ ‘ನೀರು ಅಮೂಲ್ಯ’ ಎಂಬ ಸಿದ್ಧ ವಾಕ್ಯ ಒಂದು ಆಸರೆಯೂ ಹೌದು. ಹಿಡಿದು ನಿಲ್ಲಲು ಏನಾದರೂ ಬೇಕಲ್ಲ. ತಕರಾರು ಇರುವುದು ಏಳು ವರ್ಷ ಕಳೆದರೂ ಅದೇ ಕಂಬ ಹಿಡಿದು ನಿಂತಿರುವುದರ ಬಗ್ಗೆ, ಅದಕ್ಕೆ ಪ್ರಮಾಣಪತ್ರವೂ ಸಿಗುವುದರ ಬಗ್ಗೆ.

ಈ ಬರವಣಿಗೆಯನ್ನು ಓದಬೇಕೆಂದು ಹೊರಟವರಿಗೆ ಎದುರಾಗುವ ಕೊನೆಯ ತೊಡಕು, ಅದು ಸಿಗುವುದೇ ಇಲ್ಲ ಎಂಬುದು. ಫ್ರೆನೆ ಮತ್ತು ಅವರ ಜೊತೆಗಾರರು ಮಕ್ಕಳ ಬರಹಗಳನ್ನು ‘ಲಾ ಜೆರ್ಬ್’ ಎಂಬ ಪತ್ರಿಕೆಯಲ್ಲೂ ‘ಆಂಫಾಂಟಿನ್’ ಎಂಬ ಪುಸ್ತಿಕೆಗಳ ಮಾಲೆಯಲ್ಲೂ ಅಚ್ಚು ಹಾಕಿದರು. ಜೆರ್ಬ್ ಎಂದರೆ ತೆನೆಯ ಕಟ್ಟು, ನಮ್ಮ ಸಿವುಡು. ನೂರು ವರ್ಷದ ಹತ್ತಿರ ಬಂದರೂ ಅವನ್ನು ಹುಡುಕಿ ಓದಬಹುದು. 1980ರ ದಶಕದ ಕೊನೆಗೆ ನ್ಯಾಷನಲ್ ಜಿಯೋಗ್ರಾಫಿಕ್ ಜೊತೆ ಸೇರಿ ರೂಪಿಸಿದ ‘ಕಿಡ್ಸ್ ನೆಟ್‌ವರ್ಕ್’ನಲ್ಲಿ ಶಾಲೆಯ ಮಕ್ಕಳು ಆಮ್ಲಮಳೆಯನ್ನು ಅಳೆದು ಮೋಡೆಮ್ ಮೂಲಕ ಕಳಿಸಿದ ಅಂಕಿಗಳ ಜೊತೆ ಬರೆದಿರಬಹುದಾದ ಪತ್ರಗಳು ಯಾರ ಕೈಗೂ ಸುಲಭವಾಗಿ ಸಿಗುವಂತಿಲ್ಲ. ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ನಮ್ಮ ಶಾಲೆಗಳ ಸ್ಲೈಡುಗಳು ಯಾವುದೋ ಮೇಷ್ಟರ ಹಳೆಯ ಮೇಲ್ ಖಾತೆಯಲ್ಲಿವೆ. ಅವರಿಗೆ ವರ್ಗವಾದ ಮೇಲೆ ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಒಂದು ಶಾಲೆ ವರ್ಷಕ್ಕೊಂದು ಸಲ, ಹೊರಗೆ ಹೋದ ಪತ್ರ ಮತ್ತು ಒಳಗೆ ಬಂದ ಪತ್ರ ಎರಡನ್ನೂ ಕಾಗದದ ಮೇಲೆ ಮುದ್ರಿಸಿ, ಹೊಲಿದು, ಗ್ರಂಥಾಲಯದ ಕಪಾಟಿನಲ್ಲಿ ಇಟ್ಟರೂ ಸಾಕು. ಮುಂದಿನ ವರ್ಷ ಅದೇ ಬೆಂಚಿಗೆ ಬರುವ ಮಗು ಕೆರೆ ಹೋದ ಸಲ ಯಾವಾಗ ಕೋಡಿ ಬಿದ್ದಿತ್ತು ಎಂದು ತೆರೆದು ನೋಡಬಹುದು.